ಅಂಕಲಿಯಲ್ಲೊಂದು ಮಲ್ಲಿಗೆ ಕುಂಡ

ಚಿಕ್ಕೋಡಿ ಬಿಟ್ಟ ಮೇಲೆ ಬಸ್ಸಿನ ಎರಡೂ ಬದಿಗೆ ಕಬ್ಬೇ ಕಬ್ಬು. ಜನವರಿಯ ಕೊನೆಯ ವಾರ, ಸಕ್ಕರೆ ಕಾರ್ಖಾನೆಗಳ ಹಂಗಾಮು ಭರದಲ್ಲಿತ್ತು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಜೋರಾಗಿ ಹಾಡು ಹಚ್ಚಿಕೊಂಡು, ರಸ್ತೆಯ ಮುಕ್ಕಾಲು ಪಾಲು ತಮ್ಮದೇ ಎಂಬಂತೆ ಹೋಗುತ್ತಿದ್ದವು. ಕಂಡಕ್ಟರ್ ಒಂದು ಸೀಟಿನವರ ಹತ್ತಿರ ಕನ್ನಡ, ಹಿಂದಿನ ಸೀಟಿನವರ ಹತ್ತಿರ ಮರಾಠಿ ಮಾತಾಡುತ್ತ ಟಿಕೆಟ್ ಹರಿಯುತ್ತಿದ್ದ. ಗಡಿ ಸೀಮೆಯಲ್ಲಿ ಇದನ್ನು ಯಾರೂ ವಿಶೇಷವೆಂದು ತಿಳಿಯುವುದಿಲ್ಲ.

ನಾನು ಹೊರಟಿದ್ದು ಅಂಕಲಿಗೆ, ಅಕ್ಕನ ಮನೆಗೆ. ಕೃಷ್ಣೆಯ ದಂಡೆಯ ಊರು ಅದು. ಮಹಾಬಳೇಶ್ವರದಲ್ಲಿ ಹುಟ್ಟಿ, ಸಾಂಗಲಿಯನ್ನು ದಾಟಿ, ನರಸೋಬನ ವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಕೊಂಡು, ಯಡೂರ–ಕಲ್ಲೋಳದ ಬಳಿ ದೂಧಗಂಗೆಯನ್ನೂ ಸೇರಿಸಿಕೊಂಡು ಬರುವ ನದಿ ಇಲ್ಲಿ ಅವಸರವಿಲ್ಲದೆ ಹರಿಯುತ್ತದೆ. ದಂಡೆಯ ಎರೆಮಣ್ಣು ಕೈಯಲ್ಲಿ ಹಿಡಿದರೆ ಬೆಣ್ಣೆಯಂತೆ ಅಂಟುತ್ತದೆ. ಇಂಥ ನೆಲದಲ್ಲಿ ಕುಂಡದಲ್ಲಿ ಹೂ ಬೆಳೆಸುವ ಹುಚ್ಚು ಯಾಕೆ ಎಂದು ನೀವು ಕೇಳಬಹುದು. ಅಕ್ಕನ ಉತ್ತರ ಸರಳ: ‘ಹೊಲದಾಗ ಎಲ್ಲಾ ಕಬ್ಬು ನಿಂತೈತಿ, ಹೂವಿಗೆ ಜಾಗಾ ಎಲ್ಲಿ ಐತಿ?’ ಹಾಗಾಗಿ ಅವಳ ಮನೆಯ ಗಚ್ಚಿಯ ಮೇಲೆ (ಬೆಳಗಾವಿ ಕಡೆ ತಾರಸಿಗೆ ಗಚ್ಚಿ ಅನ್ನುತ್ತಾರೆ) ನಲವತ್ತು ಕುಂಡಗಳಿವೆ. ಗುಲಾಬಿ, ದಾಸವಾಳ, ಅಬೋಲಿ, ಸೇವಂತಿಗೆ, ಕಾಗದದ ಹೂ. ಕೆಳಗೆ ಅಂಗಳದ ಕಟ್ಟೆಯ ಮೇಲೆ ಮಾತ್ರ ಒಂದೇ ಒಂದು ಕುಂಡ. ಸಿಮೆಂಟಿನದು, ಬಾಯಿ ಒಂದು ಅಡಿ ಅಗಲ. ಅದರಲ್ಲಿ ದುಂಡುಮಲ್ಲಿಗೆ.

ಅದು ಆಯಿಯ ಮಲ್ಲಿಗೆ. ಆಯಿ ಎಂದರೆ ಅಕ್ಕನ ಅತ್ತೆ, ತೊಂಬತ್ತು ದಾಟಿದವರು. ಮೆಟ್ಟಿಲು ಹತ್ತಲಾಗದೆ ಆ ಒಂದು ಕುಂಡವನ್ನು ಕೆಳಗೇ ಇರಿಸಿಕೊಂಡಿದ್ದಾರೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಬಂದಾಗ ಮನೆಮಂದಿ ದನಕರು ಹೊಡೆದುಕೊಂಡು ಎತ್ತರದ ಜಾಗಕ್ಕೆ ಹೋದರು. ಕುಂಡ ಅಂಗಳದಲ್ಲೇ ಮುಳುಗಿತು. ನೀರು ಇಳಿದ ಮೇಲೆ ಬಂದು ನೋಡಿದರೆ ಗಿಡ ಕಾಣುತ್ತಿರಲಿಲ್ಲ, ಕೆಸರಿನ ಗುಡ್ಡೆಯೊಂದು ಇತ್ತು. ಆಯಿ ಕೈಯಿಂದ ಕೆಸರು ಬಳಿದು, ಕೊಳೆತ ಟೊಂಗೆಗಳನ್ನು ಕತ್ತರಿಸಿ, ಬುಡದ ಒಂದು ಗೇಣು ಕಡ್ಡಿಯನ್ನು ಉಳಿಸಿದರಂತೆ. ಅದು ಚಿಗುರಿತು. 2021ರ ಜುಲೈನಲ್ಲಿ ಮತ್ತೆ ನೀರು ಏರುವ ಸುದ್ದಿ ಬಂದಾಗ ಮನೆಯವರು ಟಿವಿಗಿಂತ ಮೊದಲು ಆ ಕುಂಡವನ್ನು ಗಚ್ಚಿಗೆ ಹೊತ್ತರು ಎಂದು ಮಾಮಾ ನಗುತ್ತ ಹೇಳಿದರು. ಮಾಮಾ ಎಂದರೆ ನನ್ನ ಅಕ್ಕನ ಗಂಡ.

ನಾನು ಹೋದ ಮರುದಿನ ಬೆಳಿಗ್ಗೆ ಆಯಿ ಕೋಲೂರಿಕೊಂಡು ಕಟ್ಟೆಯ ಬಳಿ ನಿಂತಿದ್ದರು. ಎಲೆಗಳ ಅಂಚು ಸುಟ್ಟಂತೆ ಕಂದಾಗಿತ್ತು. ಚಿಗುರುಗಳು ತಲೆ ಬಾಗಿಸಿದ್ದವು. ಮಣ್ಣು ಮಾತ್ರ ಒದ್ದೆಯೇ ಇತ್ತು. ನೀರಿದ್ದೂ ಗಿಡ ಬಾಡುತ್ತಿದೆ ಎಂದರೆ ತೊಂದರೆ ಬೇರಿನಲ್ಲಿದೆ ಎಂದೇ ಲೆಕ್ಕ.

‘ಏ ತಮ್ಮಾ, ಇದಕ್ಕ ಏನ್ ಹಾಕೀದಿ?’ ಆಯಿ ಕೇಳಿದ್ದು ಮರಿಮೊಮ್ಮಗನನ್ನು. ಆರನೆಯ ಇಯತ್ತೆಯ ಹುಡುಗ.

‘ಯೂರಿಯಾ ಹಾಕೀನಿ ಆಯಿ. ಒಂದ ಮುಟಿಗಿ. ಮೂರು ದಿನಾ ಆತು.’

‘ಯಾಕೋ?’

‘ಅಜ್ಜ ಕಬ್ಬಿಗಿ ಹಾಕತಾನಲ್ಲ, ಕಬ್ಬು ಭರ್ ಅಂತ ಬೆಳೀತೈತಿ. ನಿನ್ನ ಮಲ್ಲಿಗಿನೂ ಲಗೂನ ಹೂ ಬಿಡ್ಲಿ ಅಂತ.’

ಹುಡುಗನ ಪ್ರೀತಿಯಲ್ಲಿ ಕೊರತೆಯಿರಲಿಲ್ಲ, ಅವನ ಲೆಕ್ಕ ಮಾತ್ರ ತಪ್ಪಿತ್ತು. ಆಯಿ ಬಯ್ಯಲಿಲ್ಲ. ಮಾಮಾ ಅಡುಗೆಮನೆಯಿಂದ ತಕ್ಕಡಿ ತರಿಸಿ, ಅವನ ಮುಷ್ಟಿಯಲ್ಲಿ ಎಷ್ಟು ಯೂರಿಯಾ ಹಿಡಿಯುತ್ತದೆ ಎಂದು ತೂಗಿಸಿದರು. 30 ಗ್ರಾಂ. ನಂತರ ಇಬ್ಬರೂ ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆದರು. ಮಕ್ಕಳೇ, ನೀವೂ ಮಾಡಿ ನೋಡಿ. ಕುಂಡದ ಬಾಯಿ 30 ಸೆಂ.ಮೀ. ಅಗಲ, ಅಂದರೆ ತ್ರಿಜ್ಯ 15 ಸೆಂ.ಮೀ. ವೃತ್ತದ ವಿಸ್ತೀರ್ಣ ಸುಮಾರು 706 ಚದರ ಸೆಂ.ಮೀ. ಒಂದು ಎಕರೆಯೆಂದರೆ ಸುಮಾರು 4,047 ಚದರ ಮೀಟರ್. ಅದರಲ್ಲಿ ಇಂಥ ಕುಂಡದ ಬಾಯಿಗಳು ಹೆಚ್ಚುಕಡಿಮೆ 57,000 ಹಿಡಿಯುತ್ತವೆ. ಪ್ರತಿಯೊಂದಕ್ಕೂ 30 ಗ್ರಾಂ ಎಂದರೆ 1,710 ಕಿಲೋ. ಯೂರಿಯಾ ಚೀಲ ಈಗ 45 ಕಿಲೋದ್ದು. ಭಾಗಿಸಿದರೆ ಎಕರೆಗೆ 38 ಚೀಲ!

‘ನಾನು ವರ್ಷಾ ಪೂರ್ತಿ ಎಕರೆಕ್ಕ ಐದಾರು ಚೀಲ ಹಾಕ್ತೀನಿ,’ ಎಂದರು ಮಾಮಾ. ‘ಅದೂ ಮೂರ್ನಾಕು ಸಲಾ ಹಂಚಿ. ನೀ ಒಂದs ಸಲಾ ಮೂವತ್ತೆಂಟು ಹಾಕೀದಿ.’

ಹುಡುಗ ಬಾಯಿ ತೆರೆದು ನಿಂತ.

ಗೊಬ್ಬರ ಹೆಚ್ಚಾದರೆ ಗಿಡ ಯಾಕೆ ಸುಡುತ್ತದೆ ಎಂಬುದನ್ನು ಅವನಿಗೆ ತೋರಿಸಲು ನಾನು ಪ್ರಯೋಗಾಲಯಕ್ಕೆ ಹೋಗಬೇಕಾಗಲಿಲ್ಲ. ಅಕ್ಕ ಆಗ ತಾನೇ ಸೌತೆಕಾಯಿ ಪಚಡಿಗೆ ಹೆಚ್ಚುತ್ತಿದ್ದಳು. ಹೋಳಿನ ಮೇಲೆ ಉಪ್ಪು ಉದುರಿಸಿ ಹತ್ತು ನಿಮಿಷ ಇಟ್ಟೆವು. ತಟ್ಟೆಯಲ್ಲಿ ನೀರು ನಿಂತಿತು. ಹೋಳು ಬಾಡಿತು. ನೀರು ಯಾವಾಗಲೂ ಉಪ್ಪು ಹೆಚ್ಚಿರುವ ಕಡೆಗೆ ಹೋಗುತ್ತದೆ. ಮಣ್ಣಿನ ನೀರಿನಲ್ಲಿ ಗೊಬ್ಬರ ಮಿತಿ ಮೀರಿ ಕರಗಿದರೆ ಬೇರಿನ ಪಾಲಿಗೆ ಅದೂ ಉಪ್ಪಿನಂತೆಯೇ; ಬೇರು ನೀರು ಹೀರುವ ಬದಲು ತನ್ನ ನೀರನ್ನೇ ಕಳೆದುಕೊಳ್ಳುತ್ತದೆ. ಅದರ ಮೇಲೆ ಯೂರಿಯಾ ಮಣ್ಣಿನಲ್ಲಿ ಅಮೋನಿಯಾ ಆಗುವಾಗ ಎಳೆಬೇರುಗಳನ್ನು ನೇರವಾಗಿಯೂ ಸುಡುತ್ತದೆ. ಹೊಲದಲ್ಲಾದರೆ ಬೇರು ಪಕ್ಕಕ್ಕೆ, ಆಳಕ್ಕೆ ಓಡಿ ತಪ್ಪಿಸಿಕೊಂಡೀತು. ಕುಂಡದ ಗಿಡ ಎಲ್ಲಿಗೆ ಓಡಬೇಕು?

ಉಪಾಯ ಒಂದೇ ಇತ್ತು: ತೊಳೆಯುವುದು. ನಾನೂ ಮಾಮಾನೂ ಕುಂಡವನ್ನು ಎತ್ತಿ ನೆರಳಿನಲ್ಲಿ ಎರಡು ಇಟ್ಟಿಗೆಗಳ ಮೇಲೆ ಕೂರಿಸಿದೆವು. ತಳದ ತೂತು ಕಟ್ಟಿತ್ತು. ಹುಡುಗ ಕೆಳಗಿನಿಂದ ಕಡ್ಡಿ ಹಾಕಿ ಬಿಡಿಸಿದ. ಕೆಳಗೆ ಅಗಲ ಬುಟ್ಟಿ ಇಟ್ಟೆವು. ‘ಬೋರಿನ ನೀರು ಬ್ಯಾಡ, ನಳದ ನೀರು ಹಾಕ್ರಿ,’ ಎಂದು ಆಯಿ ಕೂತಲ್ಲಿಂದಲೇ ಹೇಳಿದರು. ಅವರ ಬೋರಿನ ನೀರು ಸವುಳು. ಕುಂಡದ ಅಂಚಿನಲ್ಲಿ ಬಿಳಿ ಪಟ್ಟೆ ಕಟ್ಟಿದ್ದು ಅದರಿಂದಲೇ. ಕುಂಡದ ಮಣ್ಣಿನ ಮೂರು ಪಟ್ಟು ನೀರು, ಅಂದರೆ ಸುಮಾರು ಮೂರು ಬಕೆಟ್, ತಂಬಿಗೆ ತಂಬಿಗೆಯಾಗಿ ಹಾಕಿದೆವು. ಒಂದು ಬಕೆಟ್ ಮುಗಿದ ಮೇಲೆ ಪೂರಾ ಸೋರಿ ಹೋಗಲು ಬಿಟ್ಟು ಇನ್ನೊಂದು. ಮೊದಲ ನೀರು ಚಹಾದ ಬಣ್ಣದ್ದಿತ್ತು, ಕೊನೆಯದು ಹೆಚ್ಚುಕಡಿಮೆ ತಿಳಿ. ಸೋರಿದ ನೀರನ್ನು ಅಕ್ಕ ಚೆಲ್ಲಗೊಡಲಿಲ್ಲ. ಇನ್ನಷ್ಟು ನೀರು ಬೆರೆಸಿ ಹಿತ್ತಲ ತೆಂಗಿನ ಬುಡಕ್ಕೆ ಹಾಕಿದಳು. ದೊಡ್ಡ ಮರಕ್ಕೆ ಅದು ಊಟ.

ಮರುದಿನ ಇನ್ನೊಂದು ಬಕೆಟ್. ಸುಟ್ಟ ತುದಿಗಳನ್ನಷ್ಟೇ ಕತ್ತರಿಸಿದೆವು. ಹೊಸ ಚಿಗುರು ಕಾಣುವ ತನಕ ಯಾವ ಗೊಬ್ಬರವೂ ಇಲ್ಲ, ‘ಟಾನಿಕ್’ ಎಂಬುದೂ ಇಲ್ಲ. ಕಾಯಿಲೆ ಬಿದ್ದವರ ಎದುರು ಹೋಳಿಗೆ ಇಟ್ಟರೆ ಏನು ಪ್ರಯೋಜನ?

ಆ ಸಂಜೆ ಮಾಮಾ ನಮ್ಮಿಬ್ಬರನ್ನೂ ಹೊಲದ ಕಡೆ ಕರೆದುಕೊಂಡು ಹೋದರು. ಅವರ ಕಬ್ಬು ಆಳೆತ್ತರ ದಾಟಿ ನಿಂತಿತ್ತು. ಆದರೆ ಬದುವಿನ ಆಚೆ, ತಗ್ಗಿನ ಒಂದು ಪಟ್ಟಿಯಲ್ಲಿ ಏನೂ ಇರಲಿಲ್ಲ. ನೆಲದ ಮೇಲೆ ಸುಣ್ಣ ಬಳಿದಂತೆ ಬೆಳ್ಳಗೆ ಪೊರೆ. ನಡುನಡುವೆ ಒಣ ಹುಲ್ಲಿನ ಕುಚ್ಚು. ಹುಡುಗ ಬಗ್ಗಿ ಬೆರಳಿನಿಂದ ಮುಟ್ಟಿ, ‘ಕುಂಡದ ಅಂಚಿಗಿ ಐತಲ್ಲ, ಅದರಂಗs ಐತಿ,’ ಎಂದ. ನಾನು ಹೇಳಿಕೊಟ್ಟಿದ್ದಲ್ಲ, ಅವನೇ ಕಂಡದ್ದು.

ಇದನ್ನು ಇಲ್ಲಿ ಸವುಳು–ಜವುಳು ಎನ್ನುತ್ತಾರೆ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ನದಿ ಬಯಲಿನಲ್ಲಿ ರೈತರನ್ನು ಕಾಡುವ ಹಳೆಯ ಪೀಡೆ. ಎರೆಮಣ್ಣಿನಲ್ಲಿ ನೀರು ಬೇಗ ಇಳಿಯುವುದಿಲ್ಲ. ವರ್ಷವಿಡೀ ಕಬ್ಬಿಗೆ ಹರಿನೀರು ಬಿಟ್ಟರೆ ನೆಲದಡಿಯ ನೀರು ಮೇಲೇರುತ್ತದೆ. ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತದೆ, ಅದರಲ್ಲಿದ್ದ ಲವಣ ಮಾತ್ರ ಮೇಲೆಯೇ ಉಳಿಯುತ್ತದೆ. ಲೆಕ್ಕವಿಲ್ಲದೆ ಸುರಿದ ಗೊಬ್ಬರವೂ ಅದಕ್ಕೆ ತನ್ನ ಪಾಲು ಸೇರಿಸುತ್ತದೆ. ಟೈಗ್ರಿಸ್–ಯುಫ್ರೆಟಿಸ್ ನದಿಗಳ ನಡುವಿನ ಮೆಸೊಪೊಟೇಮಿಯಾದಲ್ಲಿ ಸಾವಿರಾರು ವರ್ಷಗಳ ಹಿಂದೆ ಹೀಗೇ ಆಗಿ, ಜನ ಗೋಧಿ ಬಿಟ್ಟು ಉಪ್ಪು ತಾಳುವ ಬಾರ್ಲಿಯ ಕಡೆ ಹೊರಳಿದರೆಂದು ಇತಿಹಾಸಕಾರರು ಬರೆದಿದ್ದಾರೆ. ಗಡಿಯಾಚೆ ಶಿರೋಳ ತಾಲ್ಲೂಕಿನಲ್ಲಿ ರೈತರು ಸೇರಿ ಹೊಲದ ಅಡಿಯಲ್ಲಿ ತೂತಿನ ಪೈಪುಗಳನ್ನು ಹೂಳಿ, ಸವುಳು ನೀರನ್ನು ಹೊರಗೆ ಹರಿಸಿ, ಕೈಬಿಟ್ಟ ಹೊಲಗಳಲ್ಲಿ ಮತ್ತೆ ಬೆಳೆ ತೆಗೆದಿದ್ದಾರೆ. ನಾವು ಬೆಳಿಗ್ಗೆ ಕುಂಡದ ತಳಕ್ಕೆ ಕಡ್ಡಿ ಹಾಕಿದ್ದೂ ಅದೇ ಕೆಲಸ. ಕುಂಡಕ್ಕೆ ಮೂರು ಬಕೆಟ್ ಸಾಕಾಯಿತು. ಹೊಲಕ್ಕಾದರೆ ಎಷ್ಟೋ ಜನರ ಹಣ, ಎಷ್ಟೋ ವರ್ಷಗಳ ಕೆಲಸ.

ಹಾಗೆಂದು ಯೂರಿಯಾವನ್ನು ರಾಕ್ಷಸನೆಂದು ದೂರುವವರ ಗುಂಪಿಗೆ ನಾನು ಸೇರಿದವನಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿದವನು ಹಾಗೆ ಹೇಳುವಂತಿಲ್ಲ. ನಮ್ಮ ಸುತ್ತಲಿನ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ. ಆದರೆ ಗಿಡಕ್ಕೆ ಅದನ್ನು ನೇರವಾಗಿ ಹಿಡಿದುಕೊಳ್ಳಲು ಬಾರದು. ಫ್ರಿಟ್ಜ್ ಹೇಬರ್ ಎಂಬ ಜರ್ಮನ್ ವಿಜ್ಞಾನಿ 1909ರಲ್ಲಿ ಗಾಳಿಯ ಸಾರಜನಕವನ್ನು ಹಿಡಿದು ಅಮೋನಿಯಾ ಮಾಡಿ ತೋರಿಸಿದ. 1918ರ ರಸಾಯನ ವಿಜ್ಞಾನದ ನೊಬೆಲ್ ಅವನಿಗೆ ಬಂತು. ಇವತ್ತಿನ ಯೂರಿಯಾ ಕಾರ್ಖಾನೆಗಳೆಲ್ಲ ಅಲ್ಲಿಂದ ಬಂದವು. ಯೂರಿಯಾವನ್ನು ಪ್ರಯೋಗಾಲಯದಲ್ಲಿ ಮೊದಲು ತಯಾರಿಸಿದವನು ಇನ್ನೊಬ್ಬ ಜರ್ಮನ್, ವೋಲರ್, 1828ರಲ್ಲಿ. ಅಲ್ಲಿಯ ತನಕ ಅದು ಪ್ರಾಣಿಗಳ ಮೂತ್ರದಲ್ಲಿ ಮಾತ್ರ ಸಿಗುವ ವಸ್ತು ಎಂದು ನಂಬಿದ್ದರು. ಇದನ್ನು ಹೇಳಿದಾಗ ಹುಡುಗ ಬಿದ್ದು ಬಿದ್ದು ನಕ್ಕ. ‘ಅದಕ್ಕs ನಾ ದನದ ಗಂಜಲಾ ಹಾಕ್ತೀನಿ,’ ಎಂದು ಆಯಿ ಗಂಭೀರವಾಗಿಯೇ ಹೇಳಿದರು. ಅದೂ ನಿಜ, ಆದರೆ ಅವರು ಒಂದು ಲೋಟ ಗಂಜಲಕ್ಕೆ ಹತ್ತು ಲೋಟ ನೀರು ಬೆರೆಸುತ್ತಾರೆ. ಬರಿಯ ಗಂಜಲ ಸುರಿದರೆ ಅದೂ ಸುಡುತ್ತದೆ.

ಯೂರಿಯಾದ ನೂರು ಗ್ರಾಂನಲ್ಲಿ 46 ಗ್ರಾಂ ಸಾರಜನಕ. ಅದು ಎಲೆಯ ಆಹಾರ. ಕಬ್ಬಿನಲ್ಲಿ ನಮಗೆ ಬೇಕಾದದ್ದು ಹೂವಲ್ಲ, ದಂಟು. ಅದಕ್ಕೆ ಸಾರಜನಕ ಹೆಚ್ಚು ಬೇಕು. ಹೂಗಿಡಕ್ಕೆ ಅದನ್ನೇ ಹೆಚ್ಚು ಕೊಟ್ಟರೆ, ಸುಡದಿದ್ದರೂ, ಗಿಡ ಹಸಿರು ಎಲೆಗಳನ್ನೇ ಬಿಡುತ್ತ ಹೋಗುತ್ತದೆ, ಹೂವು ಮರೆತುಬಿಡುತ್ತದೆ. ಬೇರಿಗೆ ರಂಜಕ ಬೇಕು, ಹೂವಿಗೂ ಗಿಡದ ಗಟ್ಟಿತನಕ್ಕೂ ಪೊಟ್ಯಾಷ್ ಬೇಕು. ಅಂಗಡಿಯಲ್ಲಿ ಗೊಬ್ಬರ ಕೊಳ್ಳುವಾಗ ಪೊಟ್ಟಣದ ಮೇಲೆ 19:19:19 ಎಂಬಂಥ ಮೂರು ಅಂಕಿಗಳಿರುತ್ತವಲ್ಲ, ಅವು ಈ ಮೂರರ ಶೇಕಡಾ ಪ್ರಮಾಣ, ಇದೇ ಅನುಕ್ರಮದಲ್ಲಿ. ದೊಡ್ಡ ಹೂವಿನ ಚಿತ್ರ ನೋಡಿ ಕೊಳ್ಳಬೇಡಿ, ಆ ಅಂಕಿ ನೋಡಿ. ನೀರಿನಲ್ಲಿ ಕರಗುವ ಆ ಗೊಬ್ಬರ ಕುಂಡಕ್ಕೆ ಲೀಟರಿಗೆ ಒಂದೆರಡು ಗ್ರಾಂ ಸಾಕು, ಹದಿನೈದು ದಿನಕ್ಕೊಮ್ಮೆ. ಮಣ್ಣು ಒಣಗಿದ್ದಾಗ ಹಾಕಲೇಬಾರದು; ಮೊದಲು ಬರಿಯ ನೀರು, ಆಮೇಲೆ ಗೊಬ್ಬರದ ನೀರು.

ಅಕ್ಕನ ಗಚ್ಚಿಯಲ್ಲಿ ಪೊಟ್ಟಣದ ಗೊಬ್ಬರ ಕಡಿಮೆ. ಅವಳ ಕುಂಡದ ಮಣ್ಣಿನಲ್ಲಿ ಎರೆಮಣ್ಣು ಇಲ್ಲವೇ ಇಲ್ಲ. ಅದು ಒಣಗಿದಾಗ ಇಟ್ಟಿಗೆಯಾಗಿ ಬದಿ ಬಿಡುತ್ತದೆ, ಹಾಕಿದ ನೀರು ಬೇರು ಮುಟ್ಟದೆ ಬಿರುಕಿನಲ್ಲಿ ಇಳಿದು ಹೋಗುತ್ತದೆ. ಕೆಂಪು ಮಣ್ಣು ಒಂದು ಬುಟ್ಟಿ, ಉಸುಕು ಒಂದು ಬುಟ್ಟಿ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಬುಟ್ಟಿ, ಇಷ್ಟೇ. ಒಮ್ಮೊಮ್ಮೆ ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್, ಅಂದರೆ ಕಬ್ಬಿನ ಹಾಲು ಸೋಸಿದ ಮೇಲೆ ಉಳಿಯುವ ಕಪ್ಪು ಮಡ್ಡಿ. ಹಸಿಯದು ಕುದಿಯುವಷ್ಟು ಕಾವೇರುತ್ತದೆ. ಅವಳು ಅದನ್ನು ಸಗಣಿಯ ಜೊತೆ ಗುಂಡಿಗೆ ಹಾಕಿ ನಾಲ್ಕೈದು ತಿಂಗಳು ಕೊಳೆಸಿ, ಮುಟ್ಟಿದರೆ ತಣ್ಣಗಿದೆ, ಮಣ್ಣಿನ ವಾಸನೆ ಬರುತ್ತದೆ ಎಂದಾದ ಮೇಲೆಯೇ ಬಳಸುತ್ತಾಳೆ.

ಗುಲಾಬಿಗೆ ಅವಳ ಗುಟ್ಟು ಶೇಂಗಾ ಹಿಂಡಿ. ಒಂದು ಹಿಡಿ ಹಿಂಡಿಯನ್ನು ಒಂದು ತಂಬಿಗೆ ನೀರಿನಲ್ಲಿ ಮೂರು ದಿನ ನೆನೆಹಾಕಿ, ಅದಕ್ಕೆ ಹತ್ತು ತಂಬಿಗೆ ನೀರು ಬೆರೆಸಿ, ಕುಂಡಕ್ಕೆ ಒಂದೊಂದು ಲೋಟ, ಇಪ್ಪತ್ತು ದಿನಕ್ಕೊಮ್ಮೆ. ವಾಸನೆಯ ಬಗ್ಗೆ ಮೊದಲೇ ಎಚ್ಚರಿಸುತ್ತೇನೆ: ನೆಂಟರು ಬರುವ ದಿನ ಈ ಕೆಲಸ ಬೇಡ. ಗುಲಾಬಿ ಹೊಟ್ಟೆಬಾಕ ಗಿಡ, ಕೊಟ್ಟದ್ದನ್ನು ತಿಂದು ಹೂವಾಗಿಸುತ್ತದೆ. ಕಾಗದದ ಹೂವಿನ ಬಳ್ಳಿ ಅದಕ್ಕೆ ತೀರ ವಿರುದ್ಧ. ಅದನ್ನು ಚೆನ್ನಾಗಿ ಉಣಿಸಿದರೆ ಎಲೆ ಬಿಡುತ್ತದೆ, ತುಸು ಬಾಯಾರಿಸಿ ಅರೆಹೊಟ್ಟೆಯಲ್ಲಿಟ್ಟರೆ ಮೈತುಂಬ ಬಣ್ಣ. ಅಕ್ಕ ಅದಕ್ಕೆ ಗೊಬ್ಬರ ಕೊಟ್ಟು ವರ್ಷವಾಯಿತಂತೆ. ಆವತ್ತು ಅದರಲ್ಲಿ ಎಲೆ ಹುಡುಕಬೇಕಾಗಿತ್ತು.

ಒಂದು ದಾಸವಾಳ ಮಾತ್ರ ಹಳದಿಯಾಗಿತ್ತು. ಅದಕ್ಕೂ ಸಾರಜನಕದ ಕೊರತೆಯೇ ಎಂದು ಅಕ್ಕ ಹಿಂಡಿ ನೀರು ಹಿಡಿದು ಹೊರಟಿದ್ದಳು. ಎಲೆ ನೋಡಿದೆವು. ಸಾರಜನಕ ಕಡಿಮೆಯಾದರೆ ಕೆಳಗಿನ ಹಳೆಯ ಎಲೆ ಮೊದಲು ಹಳದಿಯಾಗುತ್ತದೆ, ಯಾಕೆಂದರೆ ಗಿಡ ಅದರಲ್ಲಿದ್ದುದನ್ನು ಕಿತ್ತು ಚಿಗುರಿಗೆ ಕೊಡುತ್ತದೆ. ಮನೆಯಲ್ಲಿ ಬಡತನ ಬಂದಾಗ ಹಿರಿಯರು ತಮ್ಮ ತುತ್ತು ಮಕ್ಕಳಿಗೆ ಕೊಡುವ ಹಾಗೆ. ಇಲ್ಲಿ ಹಳೆಯ ಎಲೆ ಹಸಿರಾಗಿತ್ತು, ಹೊಸ ಎಲೆಯೇ ಹಳದಿ, ನರಗಳು ಮಾತ್ರ ಹಸಿರು. ಅದು ಕಬ್ಬಿಣಾಂಶದ ಕೊರತೆ. ಸುಣ್ಣ ಹೆಚ್ಚಿರುವ ನೀರು, ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಸಿಗದಂತೆ ಕಟ್ಟಿಹಾಕುತ್ತದೆ. ಅದಕ್ಕೆ ಬೇಕಾದದ್ದು ಬೋರಿನ ನೀರು ನಿಲ್ಲಿಸುವುದು, ಗೊಬ್ಬರದ ಅಂಗಡಿಯಿಂದ ಸ್ವಲ್ಪ ಕಬ್ಬಿಣದ ಚಿಲೇಟ್ ತಂದು ಹಾಕುವುದು. ಹಿಂಡಿ ನೀರು ಆವತ್ತು ಗುಲಾಬಿಗೇ ಹೋಯಿತು.

ಕೆಳಗೆ ಆಯಿಗೆ ಗಚ್ಚಿಯ ಸುದ್ದಿಯೆಲ್ಲ ಬೇಕು. ಯಾವ ಗುಲಾಬಿ ಮೊಗ್ಗಾಗಿದೆ, ಅಬೋಲಿಗೆ ಹುಳು ಬಿದ್ದಿದೆಯೇ, ಎಲ್ಲವನ್ನೂ ಹುಡುಗ ಮೆಟ್ಟಿಲಿಳಿದು ವರದಿ ಒಪ್ಪಿಸುತ್ತಾನೆ. ನಾನು ಇದ್ದ ಆರು ದಿನಗಳಲ್ಲಿ ಮಲ್ಲಿಗೆ ಇನ್ನೂ ಅರ್ಧ ಎಲೆ ಉದುರಿಸಿತು. ಹುಡುಗನ ಮುಖ ಸಣ್ಣದಾಯಿತು. ಬೇರಿನಲ್ಲಿ ಜೀವ ಇದೆಯೋ ಎಂದು ದಿನಾ ಬುಡ ಕೆದಕಿ ನೋಡಬೇಕೆಂಬ ಅವನ ಆಸೆಯನ್ನು ಆಯಿ ತಡೆದರು. ಒಂದು ಟೊಂಗೆಯ ಸಿಪ್ಪೆಯನ್ನು ಉಗುರಿನಿಂದ ಕೂದಲೆಳೆಯಷ್ಟು ಕೆರೆದು ತೋರಿಸಿದರು. ಒಳಗೆ ಹಸಿರಿತ್ತು. ‘ಹೊಳಿ ನೀರಾಗ ಅಷ್ಟು ದಿನಾ ಮುಳುಗಿ ಎದ್ದೈತಿ. ಸುಮ್ಕ ಬಿಡು ಅದನ್ನ.’

ಮಲ್ಲಿಗೆಯನ್ನು ಡಿಸೆಂಬರ್ ಹೊತ್ತಿಗೆ ಸವರಿ, ನೀರು ಕಡಿಮೆ ಮಾಡಿ, ಮತ್ತೆ ಉಣಿಸಲು ಶುರುಮಾಡಿದರೆ ಬೇಸಿಗೆಗೆ ಹೂ. ಈ ಸಲದ ಬೇಸಿಗೆಯ ಮೊದಲ ಹೂವಿನ ಆಸೆ ಬಿಡಬೇಕು ಎಂದು ಆಯಿಗೂ ಗೊತ್ತಿತ್ತು. ಹೊರಡುವ ದಿನ ಹುಡುಗನಿಗೆ ಒಂದು ಕೆಲಸ ವಹಿಸಿ ಬಂದೆ: ವಾರಕ್ಕೊಮ್ಮೆ ಗಿಡ ನೋಡಿ ವಹಿಯಲ್ಲಿ ಬರೆಯುವುದು, ಎಷ್ಟು ಎಲೆ, ಎಷ್ಟು ಚಿಗುರು, ಎಷ್ಟು ತಂಬಿಗೆ ನೀರು.

ಮಾರ್ಚ್ ಎರಡನೆಯ ವಾರ ಅಕ್ಕನ ಫೋನಿನಿಂದ ಅವನು ವಹಿಯ ಹಾಳೆಯ ಫೋಟೊ ಕಳಿಸಿದ್ದ. ಮೊದಲ ನಾಲ್ಕು ವಾರ ‘ಚಿಗುರು ಇಲ್ಲ’. ಐದನೆಯ ವಾರ ‘ಬುಡದ ಹತ್ತಿರ 2’. ಆರನೆಯ ವಾರ ‘5’. ಗೊಬ್ಬರದ ಕಾಲಂನಲ್ಲಿ ಎಲ್ಲ ವಾರವೂ ಸೊನ್ನೆ. ಕೊನೆಯ ಸಾಲಿನಲ್ಲಿ ಮಾತ್ರ ಪೆನ್ಸಿಲಿನಲ್ಲಿ ಬರೆದಿತ್ತು: ‘ಎರೆಹುಳು ಗೊಬ್ಬರ ಅರ್ಧ ಹಿಡಿ. ಆಯಿ ಕೈಯಿಂದ.’